ಕಾಣಿಕೆಯ ಸಾಲು ಬಸ್ಸು ಹತ್ತಿದ್ದು

ವರ್ನೆಲ್ ಗೇದರ್ ತನ್ನ ಎಡ ಎದೆಗೆ ಟೋಪಿಯ ಪಿನ್ನನ್ನು ಕಚಕ್ಕನೆ ಚುಚ್ಚಿಕೊಂಡ ದಿನ, ಪರವೂರಿನಿಂದ ಉಪದೇಶಕ್ಕೆ ಬಂದಿದ್ದ ಪಾಸ್ಟರೊಬ್ಬರು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದರು. ಹಿಟ್ಟಿನ ಹೊದಿಕೆಯಲ್ಲಿ ಹೂರಣ ತುಂಬಿ ಬೇಯಿಸಿದ ಗೆಣಸಿನ ಪೈ ಇನ್ನೂ ಬಾಯಲ್ಲೇ ಇತ್ತು, ಪಾಪ. ವರ್ನೆಲ್ ಏನೂ ಆಗದವಳಂತೆ ಯಾರದೋ ಟೋಪಿಯ ಹೂವು ಸರಿಮಾಡುತ್ತ, "ಎರಡು ಕೈಲೂ ಕೆಲಸ ಇದೆ ಪಾಸ್ಟರೇ. ಪಿನ್ನು ಇನ್ನೆಲ್ಲಿ ಇಡ್ಲಿ ಹೇಳಿ?" ಎಂದಳು. ಅವಳ ಎಡ ಎದೆ ಬಟ್ಟೆಯದು. ಒಳಗೆ ತುಂಬಿದ್ದು ಹಕ್ಕಿಗೆ ಹಾಕುವ ನವಣೆ. ಚರ್ಚಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಆ ಪಾಸ್ಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಹೇಳಕೂಡದು ಎಂದು ಅವಳೇ ಎಲ್ಲರಿಗೂ ತಾಕೀತು ಮಾಡಿದ್ದಳು.

ಅವಳು ಅಂಥವಳೇ. ಪ್ರಾಯವನ್ನೆಲ್ಲ ಅಮೆರಿಕದ ಮೆಂಫಿಸ್ ನಗರದಲ್ಲಿ ಸಿಟಿ ಬಸ್ಸು ಓಡಿಸಿ ಕಳೆದವಳು. ಎದುರಿನ ಸೀಟಿಗೆ ಕಾಲು ಚಾಚಿ ಕೂತ ಪುಂಡರು, ಅವಳು ಕನ್ನಡಿಯಲ್ಲಿ ಒಮ್ಮೆ ನೋಡಿದರೆ ಸಾಕು, ಕಾಲು ಮಡಚಿ "ತಪ್ಪಾಯ್ತಮ್ಮ" ಅನ್ನುತ್ತಿದ್ದರು. ಗಂಡ ಕ್ಲೀವನ್ ಸಾಧು ಮನುಷ್ಯ. ನದಿಗೆ ಹೋಗಿ ಮೀನು ಹಿಡಿಯುವುದು, ಹಿಡಿದ ಮೀನಿನ ಉದ್ದ ಹೆಚ್ಚಿಸಿ ಹೇಳುವುದು ಬಿಟ್ಟರೆ ಬೇರೆ ದುರಭ್ಯಾಸ ಇಲ್ಲ. ಇನ್ನು ಆರಾಮಾಗಿ ಇರೋಣ ಎಂದು ಅವಳು ನಿವೃತ್ತಿ ತೆಗೆದುಕೊಂಡ ವರ್ಷವೇ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಮೊದಲ ಡಾಕ್ಟರು ಸರಿಯಾಗಿ ಮುಟ್ಟಿಯೂ ನೋಡದೆ, "ಕೊಬ್ಬು. ತೂಕ ಇಳಿಸಿ" ಎಂದು ಕಳಿಸಿದ. ಅವಳು ನಂಬಿದಳು. ತೂಕ ಇಳಿಯಿತು, ಗಂಟು ಬೆಳೆಯಿತು. ಕೊನೆಗೆ ಇಡೀ ಎದೆಯನ್ನೇ ತೆಗೆಯಬೇಕಾಯಿತು. ಈ ಒಂದು ವಿಷಯಕ್ಕೆ ಮಾತ್ರ ವರ್ನೆಲ್ ಇವತ್ತಿಗೂ ನಗುವುದಿಲ್ಲ.

ಮಿಕ್ಕಿದ್ದಕ್ಕೆಲ್ಲ ನಗುತ್ತಾಳೆ. ಆಪರೇಷನ್ ಆದ ಮೇಲೆ ಆಸ್ಪತ್ರೆಯ ಹುಡುಗಿ ಒಂದು ರಬ್ಬರಿನ ಎದೆ ತಂದು, "ಮೈಬಣ್ಣದ್ದೇ ಇದೆ ಮೇಡಂ" ಅಂದಳು. ಅದೋ, ಎಳೆ ಗುಲಾಬಿ ಬಣ್ಣ. ವರ್ನೆಲ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಯಾರ ಮೈ ಕಂದ? ನನ್ನ ಅಂಗಾಲು ಕೂಡ ಇಷ್ಟು ಬೆಳ್ಳಗಿಲ್ಲ" ಎಂದು ಕೇಳಿದಳು. ಹುಡುಗಿ ಪೆಚ್ಚಾದಳು. ಬೇರೆ ಬಣ್ಣದ್ದು ಅವರ ಹತ್ತಿರ ಇರಲೇ ಇಲ್ಲ. ವರ್ನೆಲ್ ಮನೆಗೆ ತಂದು ಅದನ್ನು ಗಟ್ಟಿ ಕಾಫಿಯಲ್ಲಿ ನೆನೆಹಾಕಿದಳು. ಬಣ್ಣ ಹತ್ತಲಿಲ್ಲ, ವಾಸನೆ ಹತ್ತಿತು. ಆ ತಿಂಗಳೆಲ್ಲ ಚರ್ಚಿನಲ್ಲಿ ಅವಳ ಪಕ್ಕ ಕೂತವರು ಒಬ್ಬರೂ ತೂಕಡಿಸಲಿಲ್ಲವಂತೆ.

ಆಮೇಲೆ ತಾನೇ ಹೊಲಿಗೆ ಮಿಷನ್ ಮುಂದೆ ಕೂತಳು. ಸುದ್ದಿ ಹೇಗೆ ಹರಡಿತೋ, ಅದೇ ಕಾಯಿಲೆ ಕಂಡ ಹೆಂಗಸರು ಒಬ್ಬೊಬ್ಬರಾಗಿ ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಗೆ ಬರತೊಡಗಿದರು. ಬೆಲ್ಲದ ಬಣ್ಣ, ಕಾಫಿ ಬಣ್ಣ, ಹುರಿಗಡಲೆ ಸಿಪ್ಪೆಯ ಬಣ್ಣ ಎಂದು ಬಟ್ಟೆಯ ತುಂಡುಗಳನ್ನು ಕೈಗೆ ಹಿಡಿದು ನೋಡಿಕೊಂಡು ಹೊಲಿದರು. ಹೊಲಿಯುತ್ತ ಮಾತು, ಮಾತಾಡುತ್ತ ನಗು. ಇವತ್ತು ಯಾರಿಗೆ ಔಷಧಿಯ ಡ್ರಿಪ್ ಇದೆ, ಯಾರು ಕಾರು ತರುತ್ತಾರೆ, ಯಾರ ಮಕ್ಕಳಿಗೆ ಯಾರು ಊಟ ಹಾಕುತ್ತಾರೆ ಎಂಬುದೂ ಅಲ್ಲೇ ತೀರ್ಮಾನ. ಡಾಕ್ಟರ ಹತ್ತಿರ ಹೋಗುವವಳ ಜೊತೆ ಇನ್ನೊಬ್ಬಳು ಹೋಗಿ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಬೇಕು ಎಂಬುದು ಕಡ್ಡಾಯವಾಗಿತ್ತು. ಒಬ್ಬಳೇ ಹೋಗಿ ಬಂದವಳಿಗೆ ವರ್ನೆಲ್ ಬೈದದ್ದು ಮೇಲಿನ ಮಹಡಿಗೂ ಕೇಳಿಸುತ್ತಿತ್ತು.

ಭಾನುವಾರ ಅವಳ ಅವತಾರವೇ ಬೇರೆ. ಕಪ್ಪು ಜನರ ಈ ಚರ್ಚುಗಳಲ್ಲಿ ಬಾಗಿಲ ಸೇವೆ ಎಂದು ಒಂದಿದೆ. ಬಿಳಿ ಸಮವಸ್ತ್ರ, ಬಿಳಿ ಕೈಗವಸು, ಎಡಗೈ ಬೆನ್ನ ಹಿಂದೆ, ಬಾಯಿಗೆ ಬೀಗ. ಬಂದವರನ್ನು ಎಲ್ಲಿ ಕೂರಿಸಬೇಕು, ಪ್ರಾರ್ಥನೆಯ ನಡುವೆ ಬಂದವರನ್ನು ಎಲ್ಲಿ ತಡೆಯಬೇಕು, ಎಲ್ಲ ಕೈಸನ್ನೆಯಲ್ಲೇ. ಪಾಸ್ಟರಿಗೆ ಎದುರಾಡಿದವರು ಈ ಚರ್ಚಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಗಿಲ ಸೇವೆಯವರ ಕೈಗವಸಿಗೆ ಎದುರಾಡಿದವರು ಇನ್ನೂ ಹುಟ್ಟಿಲ್ಲ. ಚುನಾವಣೆಗೆ ನಿಂತವನೊಬ್ಬ ಹಿಂಬಾಲಕರ ಸಮೇತ ತಡವಾಗಿ ಬಂದಾಗ ವರ್ನೆಲ್ ಅಂಗೈ ತೋರಿಸಿ ಅವನನ್ನು ಹೊರಗೇ ನಿಲ್ಲಿಸಿದ್ದಳು. ಪ್ರಾರ್ಥನೆ ಮುಗಿಯುವ ತನಕ ಆಸಾಮಿ ಮಳೆಯಲ್ಲಿ ನಿಂತಿದ್ದ.

ಇನ್ನು ಆರ್ಲೀತಾ ಬಾಯ್ಕಿನ್ ವಿಷಯ ಹೇಳಬೇಕು. ಅವಳು ಹಾಡುಗಾರರ ಗುಂಪಿನ ಮುಂದಾಳು. ಗಂಟಲು ಬಿಟ್ಟರೆ ಕಿಟಕಿಯ ಗಾಜು ನಡುಗಬೇಕು. ಹಾಡದ ಭಾನುವಾರಗಳಲ್ಲಿ ಅವಳು ಹಾಕಿಕೊಂಡು ಬರುವ ಟೋಪಿಯ ಹಿಂದೆ ಕೂತವರು ಪಾಸ್ಟರ ಮುಖದ ಆಸೆ ಬಿಡಬೇಕು. ಅವಳಿಗೂ ವರ್ನೆಲಳಿಗೂ ಎಣ್ಣೆ ಸೀಗೆಕಾಯಿ. ಕಾರಣ ದೊಡ್ಡದೇನಲ್ಲ. ಯಾರದೋ ಸಾವಿನ ಊಟದಲ್ಲಿ ಆರ್ಲೀತಾ ನೂರು ಜನರ ಮುಂದೆ, "ವರ್ನೆಲ್, ಈ ಪೈನ ಹೊದಿಕೆ ಅಂಗಡೀದಾ?" ಎಂದು ಕೇಳಿದ್ದಳು. ಸತ್ಯ ಹೇಳಬೇಕೆಂದರೆ ಅದು ಅಂಗಡಿಯದೇ. ಅದಕ್ಕೇ ಆ ಕೋಪ ಇಷ್ಟು ವರ್ಷ ಬಾಳಿತು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ವರ್ನೆಲ್ ಒಂದು ಗಮನಿಸಿದಳು. ಹಾಡುಗಾರರೆಲ್ಲ ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ಹೊಡೆಯುವಾಗ ಆರ್ಲೀತಾ ಸೊಂಟದ ಹತ್ತಿರವೇ ತಟ್ಟುತ್ತಿದ್ದಳು. ಯಾರಾದರೂ ತಬ್ಬಿಕೊಳ್ಳಲು ಬಂದರೆ ಬಲಭುಜ ಮಾತ್ರ ಮುಂದೆ ಕೊಡುತ್ತಿದ್ದಳು. ಎಡಗೈ ಮೈಗೇ ಅಂಟಿಕೊಂಡಿರುತ್ತಿತ್ತು. ಹೀಗೆಯೇ ಕೈ ಅಂಟಿಸಿಕೊಂಡು ವರ್ನೆಲ್ ಕೂಡ ತಿಂಗಳುಗಟ್ಟಲೆ ಓಡಾಡಿದ್ದಳು.

ಪ್ರಾರ್ಥನೆ ಬಿಟ್ಟ ಮೇಲೆ ಚರ್ಚಿನ ಅಡುಗೆಮನೆಯ ಬಾಗಿಲಲ್ಲಿ ಆರ್ಲೀತಾಳನ್ನು ಅಡ್ಡಹಾಕಿದಳು. "ಏನಾಗಿದೆಯೇ ಎಡಗೈಗೆ?"

"ನಿನ್ನ ಪೈ ತಿಂದು ಲಕ್ವ ಹೊಡೆದಿದೆ."

"ಆಟ ಬೇಡ. ಗಂಟಿದೆಯಾ?"

ಆರ್ಲೀತಾಳ ಮುಖದ ರಕ್ತ ಇಳಿಯಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಟೋಪಿ ಸರಿಮಾಡಿಕೊಂಡು, "ನೀನು ಬಾಗಿಲು ಕಾಯೋಳು, ಬಾಗಿಲು ಕಾಯಿ. ನನ್ನ ಮೈ ಕಾಯೋಕೆ ನಿನ್ನನ್ನ ಯಾರೂ ಇಟ್ಟಿಲ್ಲ" ಎಂದು ಹೊರಟೇ ಹೋದಳು. ಆರ್ಲೀತಾಳ ತಾಯಿ ಇದೇ ಕಾಯಿಲೆಯಲ್ಲಿ ತೀರಿಕೊಂಡವಳು. ಇಷ್ಟು ಸಾಕಾಯಿತು ವರ್ನೆಲಳಿಗೆ. ಈ ಹೆಂಗಸು ತಾನಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ, ಹತ್ತದಿದ್ದರೆ ಸಾಯುತ್ತಾಳೆ ಎಂದು ಅವಳಿಗೆ ಖಾತ್ರಿಯಾಯಿತು.

ಹೆಂಗಸರ ಎದೆಯ ಗಂಟು ಹುಡುಕಲು ಎಕ್ಸ್‌ರೇ ತೆಗೆಯುವ ತಪಾಸಣೆ ಬಸ್ಸೊಂದು ಆ ಬಡಾವಣೆಗಳಲ್ಲಿ ತಿರುಗುತ್ತಿತ್ತು. ಹಿಂದಿನ ವರ್ಷ ಅದು ಚರ್ಚಿನ ಅಂಗಳಕ್ಕೂ ಬಂದಿತ್ತು. ಆದರೆ ಚರ್ಚಿನ ಪಾಸ್ಟರ್ ಟಾಲಿವರ್‌ಗೆ ವೇದಿಕೆಯ ಮೇಲೆ ಆ ಅಂಗದ ಹೆಸರು ಹೇಳಲು ನಾಚಿಕೆ. "ಹೊರಗೆ ಒಂದು ಬಸ್ಸು ನಿಂತಿದೆ. ಅದು, ಅದೇನಂದ್ರೆ, ಸಹೋದರಿಯರ ಅನುಕೂಲಕ್ಕೆ" ಎಂದು ಕೆಮ್ಮಿ ಮುಗಿಸಿದ್ದರು. ಯಾವುದೋ ಪ್ರವಾಸ ಇರಬೇಕು ಎಂದುಕೊಂಡು ಯಾರೂ ಹೋಗಲಿಲ್ಲ. ಒಳಗಿದ್ದ ನರ್ಸುಗಳು ತಂದಿದ್ದ ಬ್ರೆಡ್ಡು ತಿಂದು ವಾಪಸು ಹೋಗಿದ್ದರು.

ಈ ಸಲ, ಚರ್ಚು ವರ್ಷಕ್ಕೊಮ್ಮೆ ಹೆಂಗಸರಿಗಾಗಿ ನಡೆಸುವ ಮಹಿಳೆಯರ ಭಾನುವಾರಕ್ಕೆ ಬಸ್ಸನ್ನು ವರ್ನೆಲ್ ತಾನೇ ಫೋನು ಮಾಡಿ ಕರೆಸಿದಳು. ಪಕ್ಕದ ಬಾಗಿಲಿಗೆ ಒತ್ತಿಕೊಂಡಂತೆ ನಿಲ್ಲಿಸಿ ಎಂದಳು. ಡ್ರೈವರು ಅಳುಕಿದಾಗ ಅವನನ್ನು ಕೆಳಗಿಳಿಸಿ, ತಾನೇ ಕೂತು ಹಿಂದಕ್ಕೆ ತಂದು ನಿಲ್ಲಿಸಿದಳಂತೆ. ನಾನು ಕಂಡಿಲ್ಲ, ಆದರೆ ಪೂರ್ತಿ ನಂಬುತ್ತೇನೆ.

ಕಾಣಿಕೆಯ ಹೊತ್ತು ಬಂತು. ಇಲ್ಲಿ ಕಾಣಿಕೆಯ ತಟ್ಟೆ ಜನರ ಹತ್ತಿರ ಹೋಗುವುದಿಲ್ಲ, ಜನರೇ ತಟ್ಟೆಯ ಹತ್ತಿರ ಹೋಗಬೇಕು. ಹಾಡು ಶುರುವಾದ ಕೂಡಲೇ ಹಿಂದಿನ ಸಾಲು ಎದ್ದು, ತೂಗುತ್ತ ಹೆಜ್ಜೆ ಹಾಕುತ್ತ ಮುಂದಿನ ಮೇಜಿಗೆ ಬಂದು, ಕಾಣಿಕೆ ಹಾಕಿ, ಪಕ್ಕದ ಓಣಿಯಿಂದ ತನ್ನ ಜಾಗಕ್ಕೆ ಮರಳುತ್ತದೆ. ಯಾವ ಸಾಲು ಯಾವಾಗ ಏಳಬೇಕು, ಎತ್ತ ತಿರುಗಬೇಕು ಎಂಬುದು ಬಿಳಿ ಕೈಗವಸಿನ ಅಪ್ಪಣೆ. ಹುಟ್ಟಿದಾಗಿನಿಂದ ಹೀಗೆ ನಡೆದವರು ಕಣ್ಣು ಮುಚ್ಚಿಕೊಂಡೂ ನಡೆಯುತ್ತಾರೆ. ಅಂದು ಪಕ್ಕದ ಓಣಿಯಲ್ಲಿ ವರ್ನೆಲ್ ನಿಂತಿದ್ದಳು. ಗಂಡಸು ಬಂದರೆ ಕೈಗವಸು ಬಲಕ್ಕೆ, ಆಸನದ ಕಡೆಗೆ. ಹೆಂಗಸು ಬಂದರೆ ಎಡಕ್ಕೆ, ಪಕ್ಕದ ಬಾಗಿಲಿಗೆ. ಬಾಗಿಲಲ್ಲಿ ಇನ್ನೊಂದು ಕೈಗವಸು, ಬಸ್ಸಿನ ಮೆಟ್ಟಿಲ ಹತ್ತಿರ ಮತ್ತೊಂದು. ಎಲ್ಲ ಶನಿವಾರದ ಹೆಂಗಸರೇ. ಸಾಲು ಹಾಡುತ್ತ, ತೂಗುತ್ತ, ಬೀಸಣಿಗೆ ಬೀಸಿಕೊಳ್ಳುತ್ತ ಸೀದಾ ಹೊರಗೆ ಹರಿಯಿತು. ಒಬ್ಬಳಾದರೂ ಎಲ್ಲಿಗೆ ಅಂತ ಕೇಳಬೇಕಲ್ಲ? ಇಲ್ಲ!

ಚರ್ಚಿನ ಹಿರಿಯ ಹೋಸಿಯಾ ಕೂಡ ಹೆಂಡತಿಯ ಹಿಂದೆಯೇ ನಡೆದು ಬಸ್ಸು ಹತ್ತಿದರು. ನಲವತ್ತು ವರ್ಷದಿಂದ ಹೆಂಡತಿಯ ಹಿಂದೆ ನಡೆದ ಅಭ್ಯಾಸ. ನರ್ಸು, "ಗಂಡಸರಿಗೂ ಬರುತ್ತೆ ತಾತ, ನೋಡೋಣ, ಅಂಗಿ ತೆಗೀರಿ" ಎಂದದ್ದೇ ತಡ, ಆ ಮುದುಕರು ಮೊಣಕಾಲು ನೋವನ್ನು ಮರೆತು ಜಿಗಿದ ಜಿಗಿತವನ್ನು ಮಕ್ಕಳು ಇಂದಿಗೂ ಆಡಿ ತೋರಿಸುತ್ತಾರೆ.

ಕೊನೆಗೆ ಬಂದದ್ದು ಹಾಡುಗಾರರ ಸಾಲು. ಎಲ್ಲರ ಮುಂದೆ ಆರ್ಲೀತಾ, ಎಂದಿನಂತೆ ಕಣ್ಣು ಮುಚ್ಚಿ, ಗಂಟಲು ತೆರೆದು. ಮೆಟ್ಟಿಲು ಕಾಲಿಗೆ ತಗುಲಿದಾಗ ಕಣ್ಣು ಬಿಟ್ಟಳು. ಎದುರಿಗೆ ನೀಲಿ ಬಟ್ಟೆಯ ನರ್ಸು, ಪಕ್ಕದಲ್ಲಿ, ಕೊನೆಯ ಸಾಲಿನ ಜೊತೆಯೇ ಹೊರಗೆ ಬಂದು ಬೆನ್ನ ಹಿಂದೆ ಕೈ ಕಟ್ಟಿ ನಿಂತ ವರ್ನೆಲ್. ಹಾಡು ಅಲ್ಲಿಗೇ ನಿಂತಿತು.

"ಲೇ ವರ್ನೆಲ್! ಏನೇ ಇದು?"

ವರ್ನೆಲ್ ಮಾತಾಡಲಿಲ್ಲ. ಕೈಗವಸು ಹಾಕಿಕೊಂಡಿರುವಾಗ ಬಾಗಿಲ ಸೇವೆಯವರು ಮಾತಾಡುವಂತಿಲ್ಲವಲ್ಲ. ಸುಮ್ಮನೆ ಬಸ್ಸಿನೊಳಗೆ ಕೈ ತೋರಿಸಿದಳು.

"ದೇವರ ಮನೇಲಿ ನಿಂತು ಮೋಸ ಮಾಡ್ತೀಯಾ? ನಿನಗೆ ನರಕಾನೇ!"

ನರ್ಸು ಮೆತ್ತಗೆ, "ನಿಮಗೆ ಇಷ್ಟ ಇದ್ರೆ ಮಾತ್ರಮ್ಮ. ಬಲವಂತ ಏನೂ ಇಲ್ಲ" ಎಂದಳು. ಆರ್ಲೀತಾ ತಿರುಗಿ ನೋಡಿದಳು. ಹಿಂದೆ ತನ್ನದೇ ಗುಂಪಿನ ಹುಡುಗಿಯರು, ಅವಳು ಹತ್ತಿದರೆ ಹತ್ತುವ, ಇಳಿದರೆ ಇಳಿಯುವ ಹುಡುಗಿಯರು, ಅವಳ ಮುಖವನ್ನೇ ನೋಡುತ್ತಿದ್ದರು. ಹೆದರಿದೆ ಎಂದು ಅವರ ಮುಂದೆ ಒಪ್ಪಿಕೊಳ್ಳುವುದು ಈ ಜನ್ಮದಲ್ಲಿ ಆಗದ ಮಾತು. ನಿಲುವಂಗಿಯ ಅಂಚು ಎತ್ತಿಕೊಂಡು, ಮೂಗು ಮೇಲೆ ಮಾಡಿ, ಮೆಟ್ಟಿಲು ಹತ್ತಿದಳು.

ಚರ್ಚಿನೊಳಗೆ ಪಾಸ್ಟರ್ ಟಾಲಿವರ್ ಪುಸ್ತಕದಿಂದ ತಲೆಯೆತ್ತಿದಾಗ ಎದುರಿಗೆ ಇದ್ದದ್ದು ಗಂಡಸರು ಮತ್ತು ಖಾಲಿ ಬೆಂಚು. ಉಪದೇಶ ಮಹಿಳೆಯರ ಸಹನೆಯ ಬಗ್ಗೆ ಸಿದ್ಧವಾಗಿತ್ತು. ಅದನ್ನೇ ಗಂಡಸರಿಗೆ ಮಾಡಿದರು. ಅಡುಗೆಯವರೆಲ್ಲ ಬಸ್ಸಿನಲ್ಲಿದ್ದ ಕಾರಣ ಊಟ ಸಂಜೆಗೆ ಸಿಕ್ಕಿತು. ಮುಂದಿನ ಭಾನುವಾರ ಅವರು ವೇದಿಕೆಯ ಮೇಲೆ "ಎದೆ" ಎಂದು ಕೆಮ್ಮದೆ ಹೇಳಿದರು, ಹಸಿವಿನ ಭಯಕ್ಕೋ ಏನೋ.

ವಾರ ಕಳೆಯುವುದರೊಳಗೆ ಆರ್ಲೀತಾಗೆ ಆಸ್ಪತ್ರೆಯಿಂದ ಕರೆ ಬಂತು, ಇನ್ನೊಮ್ಮೆ ನೋಡಬೇಕು ಎಂದು. ಯಾರಿಗೂ ಹೇಳದೆ ಒಬ್ಬಳೇ ಹೋದಳು. ಅಲ್ಲಿದ್ದ ಡಾಕ್ಟರು ಗಡಿಯಾರ ನೋಡುತ್ತ, "ಇಂಥದ್ದು ಎಷ್ಟೋ ಜನಕ್ಕೆ ಇರುತ್ತೆ. ಆರು ತಿಂಗಳು ಬಿಟ್ಟು ಬನ್ನಿ" ಎಂದರು. ಆರ್ಲೀತಾಗೆ ಹೋದ ಜೀವ ಬಂದಂತಾಯಿತು. ನೇರ ನೆಲಮಾಳಿಗೆಗೆ ಬಂದು, "ಕೇಳಿದ್ಯಾ? ಏನೂ ಇಲ್ವಂತೆ. ಈಗ ಸಮಾಧಾನ ಆಯ್ತಾ?" ಎಂದು ಎಲ್ಲರ ಮುಂದೆ ಸವಾಲು ಹಾಕಿದಳು.

ವರ್ನೆಲ್ ನಗಲಿಲ್ಲ. ಸೂಜಿ ಕೆಳಗಿಟ್ಟಳು. "ಸೂಜಿ ಹಾಕಿ ತುಣುಕು ತೆಗೆದು ನೋಡಿದ್ರಾ?"

"ಇಲ್ಲ. ಬೇಡ ಅಂದ್ರು."

"ನೀನು ಕೇಳಿದ್ಯಾ?"

"ಡಾಕ್ಟರು ಅವರೋ ನಾನೋ?"

ಸೋಮವಾರ ಬೆಳಿಗ್ಗೆ ಆ ಆಸ್ಪತ್ರೆಯ ಕಾಯುವ ಕೋಣೆಗೆ ಶನಿವಾರದ ಹೆಂಗಸರು ಬಂದರು. ಎಲ್ಲ ಬಾಗಿಲ ಸೇವೆಯ ವೇಷದಲ್ಲೇ, ಬಿಳಿ ಸಮವಸ್ತ್ರ, ಬಿಳಿ ಕೈಗವಸು. ನಡುವೆ ಆರ್ಲೀತಾ, ಪೊಲೀಸರು ಹಿಡಿದು ತಂದ ಕಳ್ಳಿಯ ಹಾಗೆ. ಅವಳನ್ನು ಕೂರಿಸಿ, ಉಳಿದವರು ಗೋಡೆಯುದ್ದಕ್ಕೂ ನಿಂತರು. ಒಂದು ಮಾತಿಲ್ಲ, ಕಥೆಯಿಲ್ಲ. ನರ್ಸುಗಳೆಂದು ತಿಳಿದು ರೋಗಿಗಳು ಅವರ ಹತ್ತಿರ ಬಂದರು. ಒಬ್ಬ ಅಜ್ಜ ತನ್ನ ಮೂತ್ರದ ಡಬ್ಬಿಯನ್ನು ವರ್ನೆಲಳ ಕೈಗೇ ಕೊಟ್ಟು ಹೋದ. ಅವಳು ಅದನ್ನು ಹಿಡಿದುಕೊಂಡೇ ನಿಂತಳು. ಸ್ವಾಗತದ ಮೇಜಿನ ಹುಡುಗಿ ಬಂದು, "ನಿಮಗೆ ಏನು ಬೇಕಮ್ಮ?" ಎಂದು ಕೇಳಿದಾಗ ವರ್ನೆಲ್ ಕೈಗವಸು ಹಾಕಿಕೊಂಡೇ ಮೊದಲ ಸಲ ಬಾಯಿ ತೆರೆದಳು. "ಇವಳ ಗಂಟಿನಿಂದ ತುಣುಕು ತೆಗೆದು ಪರೀಕ್ಷೆ ಮಾಡಬೇಕು. ಮಾಡಲ್ಲ ಅಂದ್ರೆ ಯಾಕೆ ಮಾಡಲ್ಲ ಅಂತ ಡಾಕ್ಟರು ಬರೆದು ಸಹಿ ಹಾಕಿ ಕೊಡಬೇಕು. ಅಲ್ಲೀವರೆಗೂ ನಾವು ಹೀಗೇ ನಿಂತಿರ್ತೀವಿ ಕಂದ. ನಮಗೆ ನಿಂತು ಅಭ್ಯಾಸ ಇದೆ."

ಊಟದ ಹೊತ್ತಿಗೆ ಮುಂಚೆ ಸೂಜಿ ಹಾಕಿದರು. ಮುಂದಿನ ವಾರ ಫಲಿತಾಂಶ ಬಂತು. ಕ್ಯಾನ್ಸರೇ. ಬೇಗ ಸಿಕ್ಕಿದೆ, ಆದರೆ ಎಡ ಎದೆಯಲ್ಲೇ ಎರಡು ಕಡೆ ಇದೆ, ಆ ಎದೆ ಪೂರ್ತಿ ತೆಗೆಯಬೇಕು, ತೆಗೆದರೆ ಬದುಕುತ್ತಾಳೆ ಎಂದರು. ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಆ ಸಂಜೆಯೇ ಆರ್ಲೀತಾ ಆಸ್ಪತ್ರೆಗೆ ಫೋನು ಮಾಡಿ, ಬರುವುದಿಲ್ಲ ಎಂದುಬಿಟ್ಟಳು. ಫೋನು ಎತ್ತುವುದನ್ನೂ ನಿಲ್ಲಿಸಿದಳು.

ವರ್ನೆಲ್ ಪೈ ಹಿಡಿದುಕೊಂಡು ಅವಳ ಮನೆಗೆ ಹೋದಳು. ಬಾಗಿಲು ಬಡಿದು ಬಡಿದು ಕೈ ನೋಯಿತು. "ತೆಗೀತೀಯೋ, ಇಲ್ಲಾ ಇಲ್ಲೇ ನಿಂತು ನಾನು ಹಾಡ್ಲೋ?" ಎಂದು ಕೂಗಿದ ಮೇಲೆ ಬಾಗಿಲು ತೆರೆಯಿತು. ವರ್ನೆಲಳ ಹಾಡು ಕೇಳಿದ ಯಾರೇ ಆದರೂ ತೆರೆಯುತ್ತಿದ್ದರು.

ಆರ್ಲೀತಾ ಮನೆಯಂಗಿಯಲ್ಲಿದ್ದಳು, ತಲೆಗೆ ಬಟ್ಟೆ ಸುತ್ತಿದ್ದಳು. ಅತ್ತು ಕಣ್ಣು ಊದಿತ್ತು. ಊಟದ ಮೇಜಿನ ಮೇಲೆ ಆಸ್ಪತ್ರೆಯವರು ಕೊಟ್ಟ ಪುಸ್ತಿಕೆ ತೆರೆದು ಬಿದ್ದಿತ್ತು. ಅದನ್ನು ವರ್ನೆಲಳ ಮುಂದೆ ತಳ್ಳಿದಳು. "ನೋಡು. ಆಪರೇಷನ್ ಆದ ಮೇಲೆ ಹೀಗಿರುತ್ತಂತೆ. ಎಲ್ಲಾ ಬಿಳೀ ಹೆಂಗಸರು. ಗಾಯ ಅಂದ್ರೆ ದಾರ ಎಳೆದ ಹಾಗೆ ಇದೆ. ನನ್ನ ಮೈ ಮೇಲೆ ಚಾಕು ಆಡಿದ್ರೆ ಏನಾಗುತ್ತೆ ಅಂತ ಇದ್ರಲ್ಲಿ ಒಂದು ಪಟನೂ ಇಲ್ಲ."

"ಪಟಕ್ಕೋಸ್ಕರ ಸಾಯ್ತೀಯಾ?"

"ನಮ್ಮಮ್ಮಂಗೂ ತೆಗೆದಿದ್ರು ಕಣೇ. ತಡವಾಗಿ ತೆಗೆದಿದ್ರು. ಆಮೇಲೆ ಅವಳು ಕೋಣೆ ಬಾಗಿಲು ಹಾಕ್ಕೊಂಡೇ ಬಟ್ಟೆ ಬದಲಾಯಿಸ್ತಿದ್ಲು. ಸಾಯೋ ತನಕ ಯಾರಿಗೂ ತೋರಿಸ್ಲಿಲ್ಲ. ನಾನು ಚಿಕ್ಕೋಳು. ಆ ಬಾಗಿಲ ಹಿಂದೆ ಏನಿದೆಯೋ ಏನಿದೆಯೋ ಅಂತ ಕಲ್ಪಿಸ್ಕೊಂಡೇ ದೊಡ್ಡೋಳಾದೆ. ಈಗ ಕಣ್ಣು ಮುಚ್ಚಿದ್ರೆ ಅದೇ." ಅವಳು ಮೂಗು ಒರೆಸಿಕೊಂಡಳು. "ನೀನು ತೋರಿಸು."

"ಏನು?"

"ನಿನ್ನದು. ಊರ ತುಂಬ ಅದಕ್ಕೆ ಪಿನ್ನು ಚುಚ್ಕೊಂಡು ಕುಣೀತೀಯಲ್ಲ. ಬಟ್ಟೆ ತೆಗೆದು ತೋರಿಸು."

"ಪುಕ್ಕಟೆ ಅಲ್ಲ ಕಣೇ, ಟಿಕೆಟ್ ಇದೆ" ಎಂದು ನಕ್ಕಳು ವರ್ನೆಲ್.

ಆರ್ಲೀತಾ ನಗಲಿಲ್ಲ. "ನೋಡಿದ್ಯಾ? ನಿನಗೂ ಆಗಲ್ಲ. ಮತ್ತೆ ನನಗ್ಯಾಕೆ ಹೇಳೋಕೆ ಬರ್ತೀಯ? ಪೈ ಇಟ್ಟು ಹೋಗು."

ಆಗಲ್ಲ ಎಂಬುದು ನಿಜವಾಗಿತ್ತು. ಆಪರೇಷನ್ ಆದಂದಿನಿಂದ ವರ್ನೆಲ್ ಅದನ್ನು ಯಾರಿಗೂ ತೋರಿಸಿರಲಿಲ್ಲ. ಶನಿವಾರದ ಹೆಂಗಸರಿಗೂ ಇಲ್ಲ, ಕ್ಲೀವನ್‌ಗೂ ಇಲ್ಲ. ಬಚ್ಚಲಿನ ಕನ್ನಡಿಗೆ ಟವಲು ನೇತುಹಾಕಿ ಸ್ನಾನ ಮಾಡುತ್ತಿದ್ದಳು. ಊರನ್ನೆಲ್ಲ ನಗಿಸಿದ್ದು ಬಟ್ಟೆಯ ಎದೆಯನ್ನು ತೋರಿಸಿ. ಅದರ ಕೆಳಗೆ ಇದ್ದದ್ದರ ಬಗ್ಗೆ ಅವಳು ಒಂದು ತಮಾಷೆಯನ್ನೂ ಮಾಡಿರಲಿಲ್ಲ, ಯಾರೂ ಗಮನಿಸಿರಲಿಲ್ಲ ಅಷ್ಟೆ.

ವರ್ನೆಲ್ ಎದ್ದು ಕಿಟಕಿಯ ಪರದೆ ಎಳೆದಳು. ಮೇಲಿನ ಗುಂಡಿ ಬಿಚ್ಚಿದಳು. ಎರಡನೆಯದು ಕೈಗೆ ಬಗ್ಗಲಿಲ್ಲ. ತುಂಬಿದ ಬಸ್ಸನ್ನು ಮಂಜಿನಲ್ಲಿ ಓಡಿಸಿದ ಕೈಗಳವು, ಒಂದು ಗುಂಡಿ ಬಿಚ್ಚಲಾರದೆ ಸೋತವು. ಆರ್ಲೀತಾ ಎದ್ದು ಬಂದು ಉಳಿದ ಗುಂಡಿಗಳನ್ನು ತಾನೇ ಬಿಚ್ಚಿದಳು. ಒಳ ಅಂಗಿಯ ಪಟ್ಟಿ ಜಾರಿಸಿ, ನವಣೆಯ ಎದೆಯನ್ನು ತೆಗೆದು ಮೇಜಿನ ಮೇಲೆ ಪೈ ಪಕ್ಕದಲ್ಲಿ ಇಟ್ಟಳು.

ಕಂಕುಳಿನಿಂದ ಎದೆಯ ನಡುವಿನ ತನಕ ಒಂದು ಅಡ್ಡ ಗೆರೆ. ಸುತ್ತಲಿನ ಚರ್ಮಕ್ಕಿಂತ ಕಪ್ಪು, ಒಂದು ಕಡೆ ಹಗ್ಗದಂತೆ ದಪ್ಪ. ಉಳಿದದ್ದೆಲ್ಲ ನುಣ್ಣಗೆ, ಬರಿದು. ಅದರ ಹಿಂದೆ ಹೃದಯ ಬಡಿದುಕೊಳ್ಳುತ್ತಿರುವುದು ಚರ್ಮದ ಮೇಲೇ ಕಾಣುತ್ತಿತ್ತು. ವರ್ನೆಲ್ ಗೋಡೆ ನೋಡುತ್ತ ನಿಂತಿದ್ದಳು, ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು. ಆರ್ಲೀತಾ ಕನ್ನಡಕ ತಂದು ಹಾಕಿಕೊಂಡು, ಬಗ್ಗಿ, ಗೆರೆಯ ಈ ತುದಿಯಿಂದ ಆ ತುದಿಯವರೆಗೂ ನೋಡಿದಳು. ಬೆರಳಿನಿಂದ ಮುಟ್ಟಿದಳು.

"ನೋಯುತ್ತಾ?"

"ಇಲ್ಲ. ಮಳೆ ಬರೋ ಮುಂಚೆ ಸ್ವಲ್ಪ ಕಡಿಯುತ್ತೆ."

"ಇಷ್ಟೇನಾ?"

"ಇಷ್ಟೇ."

"ಇಷ್ಟೇನಾ ವರ್ನೆಲ್? ನಾನು ಇನ್ನೇನೇನೋ..." ಅವಳು ಕನ್ನಡಕ ತೆಗೆದಳು. "ಇಷ್ಟನ್ನ ನಮ್ಮಮ್ಮ ನನಗೆ ಒಂದು ಸಲ ತೋರಿಸ್ಬಾರದಿತ್ತಾ?"

ಇಬ್ಬರೂ ತಬ್ಬಿಕೊಂಡು ಅತ್ತರು. ಆರ್ಲೀತಾ ಈ ಸಲ ಎಡಗೈಯನ್ನೂ ಎತ್ತಿದಳು, ನೋವಿಗೆ ಮುಖ ಕಿವುಚಿಕೊಂಡೇ ಎತ್ತಿದಳು. ಆಮೇಲೆ ಫೋನು ತೆಗೆದುಕೊಂಡು, ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ವರ್ನೆಲಳ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಆಸ್ಪತ್ರೆಯವರ ಜೊತೆ ಮಾತಾಡಿದಳು.

"ಆರ್ಲೀತಾ ಬಾಯ್ಕಿನ್ ಮಾತಾಡ್ತಿರೋದು. ಆಪರೇಷನ್ ಬೇಡ ಅಂದಿದ್ನಲ್ಲ, ಬೇಕು. ಬರ್ತೀನಿ. ಹೂಂ, ಅದೇ ದಿನ. ಜೊತೇಲಿ ಒಬ್ಬಳು ಇರ್ತಾಳೆ. ಏನಾಗ್ಬೇಕು ಅಂದ್ರಾ?" ಕೊನೆಯ ಗುಂಡಿ ಹಾಕಿ, ಒದ್ದೆ ಕಣ್ಣಿನಿಂದ ವರ್ನೆಲಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಅಕ್ಕ ಅಂತ ಬರ್ಕೊಳ್ಳಿ. ನನಗಿಂತ ತುಂಬಾನೇ ದೊಡ್ಡೋಳು."